ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದ ದೊಡ್ಡವ್ವ

ನಗು ಬಾಯಿಗೆ ಬರುವ ಮೊದಲೇ ನಮ್ಮ ದೊಡ್ಡವ್ವನ ಭುಜಗಳು ಕುಲುಕುತ್ತಿದ್ದವು. ಆಮೇಲೆ ಕಣ್ಣು ಮುಚ್ಚುತ್ತಿದ್ದವು. ಕೊನೆಗೆ ಮುಂದಿನ ಎರಡು ಹಲ್ಲಿಲ್ಲದ ಬಾಯಿ ತೆರೆಯುತ್ತಿತ್ತು. ಪ್ರಾರ್ಥನೆಯ ನಡುವೆಯೂ ಹೀಗೆ ನಗುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ದೊಡ್ಡವ್ವ ನನ್ನ ತಾಯಿಯ ಅಕ್ಕ. ಪಿಯುಸಿ ಓದುವಾಗ ಹಗರಿಬೊಮ್ಮನಹಳ್ಳಿಯಲ್ಲಿ ಅವಳ ಮತ್ತು ದೊಡ್ಡಪ್ಪನ ಮನೆಯಲ್ಲೇ ಇದ್ದೆ. ಅಂಗನವಾಡಿಯಲ್ಲಿ ಮಕ್ಕಳಿಗೆ ಅಡುಗೆ ಮಾಡಿ ನಿವೃತ್ತಳಾಗಿದ್ದಳು. ಬೆಳಿಗ್ಗೆ ಅಂಗಳ ಗುಡಿಸಿ, ಕಸಬರಿಗೆ ಗೋಡೆಗೆ ಒರಗಿಸಿ, ಅಲ್ಲೇ ನಿಂತು ದೇವರ ಜೊತೆ ಮಾತಿಗೆ ತೊಡಗುತ್ತಿದ್ದಳು. ಮಕ್ಕಳನ್ನು ಕೂಗಿ ಕೂಗಿ ಗಟ್ಟಿಯಾದ ದನಿ. ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ.

"ಯೇಸಪ್ಪಾ, ನಳದಾಗ ನೀರು ಬಂತು, ಸ್ತೋತ್ರ. ನಿನ್ನೆ ಮಾಡಿದ ರೊಟ್ಟಿ ಎಲ್ಲಾ ಉಬ್ಬಿದ್ವು, ಸ್ತೋತ್ರ."

ಹೀಗೆ ಸ್ತೋತ್ರವೆಂದು ಕೃತಜ್ಞತೆ ಹೇಳಿ ಮುಗಿದ ಮೇಲೆ ಓಣಿಯವರ ಸರದಿ. ಯಾರ ಎಮ್ಮೆ ಈದಿದೆ, ಯಾರ ಮಗಳಿಗೆ ವರ ನೋಡುತ್ತಿದ್ದಾರೆ, ಎಲ್ಲವನ್ನೂ ಹೆಸರು ಹಿಡಿದು ಒಪ್ಪಿಸುತ್ತಿದ್ದಳು.

ಪಕ್ಕದ ಮನೆ ಕಿರಾಣಿ ಅಂಗಡಿಯವರದು. ಅವರು ಸ್ನಾನ ಮಾಡಿ, ವಿಭೂತಿ ಧರಿಸಿ ಪೂಜೆಗೆ ಕೂರುವ ಹೊತ್ತೂ ಅದೇ. ಒಂದು ದಿನ ಗೋಡೆಯ ಮೇಲಿಂದ ಮುಖ ತೋರಿಸಿದರು.

"ಅಕ್ಕಾರ, ನನ್ನ ಮಂಡಿ ನೋವು ನಿಮ್ಮ ದೇವ್ರಿಗೆ ಯಾಕ ಹೇಳ್ತೀರಿ? ಅಂಗಡಿಗೆ ಬಂದೋರೆಲ್ಲ ಮಂಡಿ ಹೆಂಗೈತ್ರಿ ಅಂತ ಕೇಳಾಕ ಹತ್ಯಾರ."

"ತಪ್ಪಾತ್ರಿ ಅಣ್ಣಾರ. ನಾಳಿಂದ ಹೇಳಂಗಿಲ್ಲ."

ಮರುದಿನ ಅದೇ ದನಿ: "ಯೇಸಪ್ಪಾ, ಬಾಜೂ ಮನಿಯೋರೊಬ್ರಿಗೆ ಮಂಡಿ ನೋವೈತಿ. ಹೆಸರು ಹೇಳಂಗಿಲ್ಲ, ಬೈತಾರ. ನಿನಗ ಗೊತ್ತೈತಿ."

ಗೋಡೆಯಾಚೆ ಪೂಜೆಯ ಮಂತ್ರ ನಿಂತಿತು. ಅಂಗಡಿಯವರು ಕೆಮ್ಮಿಕೊಂಡು ನಗುತ್ತಿದ್ದರು.

ನನ್ನ ಪಿಯುಸಿಯ ಎರಡನೆಯ ವರ್ಷದಲ್ಲಿ ದೊಡ್ಡಪ್ಪ ತೀರಿಕೊಂಡ. ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ. ಮಣ್ಣು ಮಾಡಿ ಬಂದ ಮರುದಿನ ದೊಡ್ಡವ್ವ ಎಂದಿನಂತೆ ಅಂಗಳ ಗುಡಿಸಿದಳು, ಒಳಗೆ ಬಂದು ಒಲೆ ಹಚ್ಚಿದಳು. ಪ್ರಾರ್ಥನೆ ಮಾಡಲಿಲ್ಲ. ಅದರ ಮರುದಿನವೂ ಇಲ್ಲ. ಚರ್ಚಿನವರು ಬಂದು ವಚನ ಓದಿ ಹೋದರು. ಅವಳು ತಲೆಯಾಡಿಸಿದಳು ಅಷ್ಟೆ. ಆ ಬೆಳಗುಗಳಲ್ಲಿ ನನಗೆ ಪುಸ್ತಕ ಹಿಡಿಯಲು ಆಗುತ್ತಿರಲಿಲ್ಲ.

ವಾರ ಕಳೆದಿರಬೇಕು, ಅಂಗಡಿಯವರು ಕುಂಟುತ್ತಾ ನಮ್ಮ ಬಾಗಿಲಿಗೇ ಬಂದು ಕಟ್ಟೆಯ ಮೇಲೆ ಕೂತರು. ಮಂಡಿ ನೀವಿಕೊಳ್ಳುತ್ತಾ, "ಅಕ್ಕಾರ, ನನ್ನ ಮಂಡಿ ವಿಚಾರ ನಿಮ್ಮ ದೇವ್ರಿಗೆ ಈಗ ಯಾರೂ ಹೇಳವಲ್ರು" ಎಂದರು.

"ಯಾವ ಬಾಯಿಲೆ ಹೇಳ್ಲಿ ಅಣ್ಣಾರ? ನನಗ ಆತನ ಮ್ಯಾಲೆ ಸಿಟ್ಟೈತಿ."

"ಸಿಟ್ಟನ್ನರ ಹೇಳ್ರಿ. ಓಣಿ ಬಣಬಣ ಅಂತೈತಿ. ನನ್ನ ಪೂಜಿನೂ ಸರಿ ಆಗವಲ್ದು."

ಮಣ್ಣಿನ ದಿನವೂ ಅಳದಿದ್ದ ದೊಡ್ಡವ್ವ ಆಗ ಸೆರಗಿನಲ್ಲಿ ಮುಖ ಹುದುಗಿಸಿ ಅತ್ತಳು. ಅವರು ಎದ್ದು ಹೋಗಲಿಲ್ಲ. ನಾನು ಚಹಾ ಮಾಡಿ ತಂದುಕೊಟ್ಟೆ.

ಮರುದಿನ ಅಂಗಳದಲ್ಲಿ ಮತ್ತೆ ದನಿ ಕೇಳಿತು. ಮೊದಲು ದೇವರಿಗೆ ಚೆನ್ನಾಗಿ ಬೈದಳು. "ಹೇಳದ ಕೇಳದ ಕರಕೊಂಡು ಹೋದಿ. ಒಂದು ಮಾತು ಹೇಳಬಾರದಿತ್ತೇನು?" ಬೈದು ಮುಗಿಸಿ, "ನರಳಿಸಲಿಲ್ಲ, ಅದಕ್ಕ ಸ್ತೋತ್ರ" ಎಂದಳು. ಆಮೇಲೆ ಮಂಡಿಯ ವಿಷಯಕ್ಕೆ ಬಂದಳು, ಹೆಸರು ಹೇಳಿಯೇ.

ಅದಾದ ಮೇಲೂ ಬಹಳ ವರ್ಷ ಬದುಕಿದಳು. ಕ್ರಿಸ್‌ಮಸ್ ಬಂದರೆ ಕರ್ಜಿಕಾಯಿ ಕರಿದು ಓಣಿಗೆಲ್ಲ ಹಂಚುತ್ತಿದ್ದಳು. ಹೋದ ವರ್ಷ ಹಾಸಿಗೆ ಹಿಡಿದಾಗ ನಾನು ಹತ್ತಿರವಿದ್ದೆ. ಪಾಸ್ಟರ್ ಬಂದು ಕೈ ಹಿಡಿದು, "ಅವ್ವಾ, ಏನಂತ ಬೇಡಿಕೊಳ್ಳಲಿ?" ಎಂದು ಕೇಳಿದರು.

"ಬೇಡೋದು ಏನೂ ಉಳದಿಲ್ರಿ. ಬರೇ ಸ್ತೋತ್ರ ಹೇಳಿಬಿಡ್ರಿ."

ಅವರು ಹಾಗೆಯೇ ಮಾಡಿದರು. ಮುಗಿದಾಗ ಅವಳು ಹೇಳಿದ 'ಆಮೆನ್' ಬಾಗಿಲಲ್ಲಿ ನಿಂತಿದ್ದ ನಮಗೆಲ್ಲ ಕೇಳಿಸಿತು. ಮರುದಿನ ಹೋದಳು.

ನಾನು ಚರ್ಚಿಗೆ ಹೋಗುವುದು ಅಪರೂಪ. ಆದರೂ ಬೆಳಿಗ್ಗೆ ಎದ್ದ ಕೂಡಲೇ ಇಲ್ಲದ್ದನ್ನು ಎಣಿಸುತ್ತ ಕೂರಲು ಮನಸ್ಸು ಬರುವುದಿಲ್ಲ. ಅಷ್ಟನ್ನು ಅವಳಿಂದ ಪಡೆದಿದ್ದೇನೆ.