ಬೆನ್ನು ತಿರುಗಿಸಿ ಕೇಳಿದ ಪಾಠ

ನನ್ನ ಮಗಳು ಎರಡನೆಯ ಕ್ಲಾಸಿನಲ್ಲಿದ್ದಾಗ ಅವಳ ಮಿಸ್ ನನ್ನನ್ನು ಶಾಲೆಗೆ ಕರೆಸಿ, ಮಗುವಿಗೆ ಓದುವುದಕ್ಕೇ ಬರುವುದಿಲ್ಲ ಎಂದರು. ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಹಿಂದಿನ ಸಂಜೆಯಷ್ಟೇ ಅವಳು ನನ್ನೆದುರು ಕೂತು ತಮಿಳು ಪಾಠವನ್ನು ಅರಳು ಹುರಿದ ಹಾಗೆ ಓದಿದ್ದಳು. ದಿನಾ ಹಾಗೇ ಓದುತ್ತಿದ್ದಳು. "ಮನೇಲಿ ಚೆನ್ನಾಗಿ ಓದ್ತಾಳಲ್ಲ ಮಿಸ್, ಇಲ್ಲಿ ನೀವು ಗದರಿಸ್ತೀರೇನೋ," ಎಂದು ನನ್ನ ಮುರುಕು ತಮಿಳಿನಲ್ಲೇ ಅಂದುಬಿಟ್ಟೆ. ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಅದಕ್ಕೆ ಭಾಷೆ ಚೆನ್ನಾಗಿ ಬರಬೇಕೆಂದೇನೂ ಇಲ್ಲ.

ಮಿಸ್ ಸಿಟ್ಟಾಗಲಿಲ್ಲ. ಮಗಳನ್ನು ಕರೆದು, ಪುಸ್ತಕ ಬಿಡಿಸಿ ಕೈಗೆ ಕೊಟ್ಟರು. ನಾನು ಅವಳ ಹಿಂದೆ, ಬಾಗಿಲ ಹತ್ತಿರ ನಿಂತಿದ್ದೆ. ಅವಳು ಪುಸ್ತಕ ನೋಡಿದಳು, ಆಮೇಲೆ ಮಿಸ್ಸಿನ ಮುಖ ನೋಡಿದಳು. ಮಿಸ್ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದರು. ಒಂದು ಅಕ್ಷರವೂ ಹೊರಬರಲಿಲ್ಲ. ನಿನ್ನೆ ಮನೆಯಲ್ಲಿ ಓದಿದ್ದ ಅದೇ ಪುಟ. 

ವರ್ಷದ ಕೊನೆಗೆ ಒಂದು ಪುಟವನ್ನಾದರೂ ತಾನಾಗಿ ಓದದಿದ್ದರೆ ಅವಳನ್ನು ಇದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂರಿಸಬೇಕಾಗುತ್ತದೆ ಎಂದರು ಮಿಸ್. ಆಮೇಲೆ ದನಿ ತಗ್ಗಿಸಿ, "ಯಾವುದಕ್ಕೂ ದೊಡ್ಡಾಸ್ಪತ್ರೆಯಲ್ಲಿ ಒಮ್ಮೆ ತೋರಿಸಿ. ಕೆಲವು ಮಕ್ಕಳಿಗೆ ಅಕ್ಷರ ಹಿಡಿಯುವುದೇ ಕಷ್ಟ," ಎಂದರು. ಆ ದನಿ ತಗ್ಗಿಸಿದ್ದನ್ನೇ ನನಗೆ ತಡೆಯಲಾಗಲಿಲ್ಲ. ಗಟ್ಟಿಯಾಗಿ ಬೈದಿದ್ದರೆ ಜಗಳವಾಡಿಕೊಂಡಾದರೂ ಬರುತ್ತಿದ್ದೆ.

ಬಸ್ಸಿನಲ್ಲಿ ಮಗಳು ಕಿಟಕಿಗೆ ಮೂಗು ಒತ್ತಿಕೊಂಡು ಕೂತಿದ್ದಳು. ಅವಳ ಹಿಂದಲೆ ನೋಡುತ್ತ, ಈ ಪುಟ್ಟ ತಲೆಯೊಳಗೆ ಏನು ತಪ್ಪಾಗಿರಬಹುದು ಎಂದು ಯೋಚಿಸಿದೆ.  ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು: ತಪ್ಪು ನನ್ನದೇ ಇರಬೇಕು, ತಮಿಳು ಬಾರದವಳು ತಮಿಳು ಹೇಳಿಕೊಡಲು ಹೋಗಿದ್ದೇನೆ.

ನಾನು ಕೊಳ್ಳೇಗಾಲದ ಕಡೆಯವಳು, ಕನ್ನಡ ಶಾಲೆಯಲ್ಲಿ ಓದಿದವಳು. ಮದುವೆಯಾಗಿ ತಮಿಳು ಸೀಮೆಗೆ, ಅಲ್ಲಿನ ಸಿಂಗಾನಲ್ಲೂರಿನಿಂದ ಪೂರ್ವಕ್ಕಿರುವ ಈ ಊರಿಗೆ ಬಂದೆ. ಗಂಡನ ಮನೆಯವರದು ತಲೆಮಾರುಗಳಿಂದ ಇಲ್ಲೇ ನೆಲೆ ನಿಂತ ನೇಯ್ಗೆಯ ಕುಟುಂಬ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಅವರಿಗೆ ಯಾರಿಗೂ ಬರುವುದಿಲ್ಲ, ತಮಿಳು ಅಕ್ಷರ ನನಗೆ ಬರುತ್ತಿರಲಿಲ್ಲ. ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ನೋಡಿ ನೋಡಿ ಕಲಿತೆ. ದೊಡ್ಡವಳಾದ ಮೇಲೆ ಕಲಿತದ್ದಕ್ಕೋ ಏನೋ, ಮನಸ್ಸಿನೊಳಗೇ ಓದಿಕೊಳ್ಳಲು ನನಗೆ ಇವತ್ತಿಗೂ ಆಗುವುದಿಲ್ಲ, ತುಟಿ ಆಡಲೇಬೇಕು. ಬಸ್ ಸ್ಟ್ಯಾಂಡಿನಲ್ಲಿ ನನ್ನ ಗಂಡ ಈ ಕಡೆಯವರ ಅಕ್ಕರೆಯ ಮಾತಿನಲ್ಲಿ ಅಮ್ಮಿಣಿ ಎಂದು ಕರೆದು ಚುಡಾಯಿಸುತ್ತಿದ್ದರು: "ಏನಮ್ಮಿಣಿ, ಬಸ್ಸಿಗೆ ಮಂತ್ರ ಹಾಕ್ತಿದ್ದೀಯಾ?"

ನಮ್ಮ ಮನೆಯ ಗೋಡೆಗೆ ಅಂಟಿಕೊಂಡೇ ಮಗ್ಗದ ಶೆಡ್ಡು. ಕರೆಂಟಿನ ಮಗ್ಗಗಳು ಬೆಳಗಿನಿಂದ ರಾತ್ರಿಯವರೆಗೆ ಬಡಿದುಕೊಳ್ಳುತ್ತಿದ್ದರೆ ಅಡಿಗೆಮನೆಯ ತಟ್ಟೆ ಲೋಟ ಕೂಡ ನಡುಗುತ್ತವೆ. ಅಲ್ಲಿ ಕೂಗಿ ಪ್ರಯೋಜನವಿಲ್ಲ. ಹಾಗಾಗಿ ಶೆಡ್ಡಿನಲ್ಲಿ ಎಲ್ಲರೂ ದನಿ ಇಲ್ಲದೆ ಮಾತಾಡುತ್ತಾರೆ. ಆ ತುದಿಯಲ್ಲಿರುವ ಗಂಡ ಬರೀ ತುಟಿ ಆಡಿಸಿ "ಕಾಪಿ" ಅಂದರೆ ಈ ತುದಿಯಲ್ಲಿರುವ ಅತ್ತೆಗೆ ಗೊತ್ತಾಗುತ್ತದೆ, ಸಕ್ಕರೆ ಕಮ್ಮಿ ಅನ್ನುವುದೂ ಗೊತ್ತಾಗುತ್ತದೆ. ಹೊಸದರಲ್ಲಿ ನನಗೆ ಮೂಗರ ಮನೆಗೆ ಬಂದ ಹಾಗಿತ್ತು. ಜಗಳವೂ ಹಾಗೇ. ಇವರಿಗೆ ಕೋಪ ಬಂದರೆ ಬೈಯುವುದಿಲ್ಲ, ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಮುಖ ಕಾಣದಿದ್ದರೆ ಮಾತೇ ಇಲ್ಲವಲ್ಲ. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಮಗಳು ಈ ಸದ್ದಿನ ಪಕ್ಕದಲ್ಲೇ ತೊಟ್ಟಿಲಲ್ಲಿ ಮಲಗಿ ಬೆಳೆದವಳು.

ಪಾಠ ಓದಿಸುವುದು ಸಂಜೆ, ಹಿಂದಿನ ಕೋಣೆಯಲ್ಲಿ. ಮಧ್ಯಾಹ್ನ ಅಡಿಗೆ ಮುಗಿದ ಮೇಲೆ ಅವಳ ಪಾಠವನ್ನು ಮೊದಲು ನಾನು ಓದಿಕೊಳ್ಳುತ್ತಿದ್ದೆ. ಅವಳ ಮುಂದೆ ತಡವರಿಸಬಾರದೆಂದು ಬಾಯಿಪಾಠ ಬರುವ ತನಕ ಬಿಡುತ್ತಿರಲಿಲ್ಲ. ಪುಸ್ತಕ ಅವಳ ತೊಡೆಯ ಮೇಲೆ, ನಾನು ಎದುರಿಗೆ. ಒಂದೊಂದು ಮಾತಿಗೂ ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದಳು. ಸರಿಯೇ ಎಂದು ಕೇಳುತ್ತಿದ್ದಾಳೆ ಎಂದುಕೊಂಡು ನಾನು ನಗುತ್ತಿದ್ದೆ. ಇಂಗ್ಲಿಷ್ ಸ್ಪೆಲಿಂಗನ್ನಂತೂ ರಾಗವಾಗಿ ಹೇಳುತ್ತಿದ್ದಳು. ಕೊಟ್ಟ ಕ್ರಮದಲ್ಲೇ ಕೇಳಿದರೆ ಸರಿಯಾಗಿ ಬರೆಯುವಳು, ನಡುವಿನ ಒಂದನ್ನು ಕೇಳಿದರೆ ಪೆನ್ಸಿಲ್ ಕಚ್ಚುವಳು. ಆಗಲೇ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ.

ಮಿಸ್ ಹೇಳಿದ ಮೇಲೆ ನಾನು ಒಂದು ಸಂಜೆಯನ್ನೂ ಬಿಡಲಿಲ್ಲ. ಅವಳು ಪ್ರತಿ ಸಲವೂ ತಪ್ಪಿಲ್ಲದೆ ಓದುತ್ತಿದ್ದಳು. ಶಾಲೆಯಿಂದ ಮಾತ್ರ ಅದೇ ದೂರು, ಇವತ್ತೂ ಬಾಯಿ ಬಿಡಲಿಲ್ಲ ಎಂದು. ಮನೆಯಲ್ಲಿ ಓದುವ ಮಗು ಶಾಲೆಯಲ್ಲಿ ಮೂಕಿಯಾಗುವುದು ಎಂಥ ರೋಗವೋ ಎಂದು ನನಗೆ ದಿಗಿಲು ಹತ್ತಿತು. ಅನ್ನ ಸೀದು ಹೋಗುವಷ್ಟು ಯೋಚಿಸುತ್ತಿದ್ದೆ. "ಪಾಪಾಗೆ ಒಣ್ಣೂ ಇಲ್ಲ ಅಮ್ಮಿಣಿ," ಎಂದರು ಅತ್ತೆ. "ಪಳ್ಳಿಕೂಡದೋರು ಸುಮ್ನೆ ಭಯ ಬೀಳಿಸ್ತಾರೆ. ನೀನು ಅದನ್ನ ಹಿಡ್ಕೊಂಡು ಕೊರಗ್ತೀಯ." ಪಳ್ಳಿಕೂಡ ಅಂದರೆ ಶಾಲೆ, ಒಣ್ಣೂ ಇಲ್ಲ ಅಂದರೆ ಏನೂ ಇಲ್ಲ. ಏನೂ ಇಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಭಯ ಇನ್ನೂ ಜಾಸ್ತಿಯಾಗುತ್ತದೆ.

ರಜದ ದಿನ ಬೆಳಿಗ್ಗೆ ಅವಳಿಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದೆ. ಸುಮ್ಮನೆ ಕೂರುವುದೇಕೆ, ನಿನ್ನೆಯ ಪಾಠ ಓದು ಎಂದು ಪುಸ್ತಕ ಕೊಟ್ಟೆ. ಕೊಡೆ ಕಳೆದುಕೊಂಡ ಆನೆಯ ಕಥೆ, ಹಿಂದಿನ ಸಂಜೆ ಒಂದೇ ಉಸಿರಿಗೆ ಓದಿದ್ದಳು. ಈಗ ಸದ್ದೇ ಇಲ್ಲ.

"ಓದೇ," ಎಂದೆ.

ಬಾಚಣಿಗೆಯಿಂದ ಭುಜಕ್ಕೆ ಮೆಲ್ಲಗೆ ತಟ್ಟಿದೆ. ಜಡೆ ನನ್ನ ಕೈಯಲ್ಲಿರುವಾಗಲೇ ಅವಳು ಕತ್ತು ತಿರುಗಿಸಲು ನೋಡಿದಳು. "ಅಮ್ಮಾ, ನೀನು ಈ ಕಡೆ ಬಾ. ಕಾಣಲ್ಲ."

"ಪುಸ್ತಕ ನಿನ್ನ ಕೈಲೇ ಇದೆಯಲ್ಲ, ಏನು ಕಾಣಲ್ಲ?"

"ನಿನ್ ಬಾಯಿ ಕಾಣಲ್ಲ."

ಬಾಚಣಿಗೆ ಕೆಳಗಿಟ್ಟು ಅವಳೆದುರು ಹೋಗಿ ಕೂತೆ. ಅವಳು ಓದತೊಡಗಿದಳು, ಸಲೀಸಾಗಿ. ಸೆರಗಿನಿಂದ ಬಾಯಿ ಮುಚ್ಚಿಕೊಂಡೆ, ಓದು ನಿಂತಿತು. ಸೆರಗು ತೆಗೆದೆ, ಮತ್ತೆ ಶುರುವಾಯಿತು. ಆಗ ನನಗೆ ಗೊತ್ತಾಯಿತು, ನನ್ನ ತುಟಿ ಆಡುತ್ತಿದೆ. ಮಗುವಿಗೆ ತುತ್ತು ಕೊಡುವಾಗ ನಮ್ಮ ಬಾಯಿಯೂ ತಾನಾಗಿ ತೆರೆಯುತ್ತದಲ್ಲ, ಹಾಗೆ ಅವಳಿಗಿಂತ ಒಂದು ಮಾತು ಮುಂದೆ ನಾನೇ ಪಾಠ ಒಪ್ಪಿಸುತ್ತಿದ್ದೆ. ಆದರೂ ನಂಬಲಾಗಲಿಲ್ಲ. ಪರೀಕ್ಷೆ ಮಾಡೋಣವೆಂದು ದನಿ ಇಲ್ಲದೆ, ಕನ್ನಡದಲ್ಲಿ, "ಕೋಳಿ ಬಸ್ ಹತ್ತಿತು" ಎಂದು ತುಟಿ ಆಡಿಸಿದೆ. ಮಗಳು ತಮಿಳು ಪುಸ್ತಕವನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, "ಕೋಳಿ ಬಸ್ ಹತ್ತಿತು," ಎಂದು ಓದಿದಳು.

ನಗು ಬರಬೇಕಾದ ಹೊತ್ತು. ನನಗೆ ಬರಲಿಲ್ಲ. ಇಷ್ಟು ದಿನ ನಾನು ಕೇಳಿ ಹಿಗ್ಗಿದ್ದು ಅವಳ ಓದನ್ನಲ್ಲ, ನನ್ನದೇ ಓದನ್ನು.

"ಯಾಕೆ ಹೀಗೆ ಮಾಡ್ತಿದ್ದೆ?" ಎಂದು ಕೇಳಿದೆ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅಪ್ಪ ಹೇಳೋದೂ ಹಂಗೇ ತಾನೇ ಗೊತ್ತಾಗೋದು?" ಎಂದಳು. ಮೋಸ ಮಾಡುತ್ತಿದ್ದೇನೆ ಎಂಬ ಯೋಚನೆಯೇ ಅವಳಿಗಿರಲಿಲ್ಲ. ಓದುವುದೆಂದರೆ ಇದೇ ಎಂದು ತಿಳಿದಿದ್ದಳು. ಶಾಲೆಯಲ್ಲಿ ಮಿಸ್ ಓದು ಎಂದು ಹೇಳಿ ತಾವು ಯಾಕೆ ಬಾಯಿ ಮುಚ್ಚಿಕೊಂಡಿರುತ್ತಾರೆ ಎಂಬುದೇ ಅವಳಿಗೆ ಬಿಡಿಸಲಾಗದ ಒಗಟಾಗಿತ್ತು.

ಗಂಡನಿಗೆ ಹೇಳಿದರೆ ಅವರು ಗಹಗಹಿಸಿ ನಕ್ಕರು. "ಶೆಡ್ಡಲ್ಲಿ ಹುಟ್ಟಿದ್ ಕೂಸು ಅಲ್ವಾ, ನನಗಿಂತ ಕೆಟ್ಟಿಕಾರಿ," ಎಂದರು. ಕೆಟ್ಟಿಕಾರಿ ಅಂದರೆ ಜಾಣೆ. ನನಗೆ ಮೈಯೆಲ್ಲ ಉರಿಯಿತು. "ಆ ಜಾಣತನ ಇಟ್ಕೊಂಡು ಎರಡನೇ ಕ್ಲಾಸಲ್ಲೇ ಇರ್ಲಿ ಬಿಡಿ, ಜೊತೆಯೋರೆಲ್ಲ ಮುಂದೆ ಹೋಗ್ಲಿ. ದಡ್ಡಿ ಅಂತ ಹೆಸರು ಬಿದ್ರೆ ನೀವು ಹೋಗಿ ಅಳಿಸಿ ಬರ್ತೀರಾ?" ಎಂದೆ. ಅವರ ನಗು ನಿಂತಿತು. ಪರೀಕ್ಷೆಗೆ ಇನ್ನು ಉಳಿದಿದ್ದದ್ದು ಕೆಲವೇ ವಾರ.

ಮಾರನೆಯ ಸಂಜೆಯಿಂದ ನಾನು ಗೋಡೆಯ ಕಡೆ ಮುಖ ಮಾಡಿ ಕೂತೆ. ಕೈಯಲ್ಲಿ ಮೊರ, ಅಕ್ಕಿಯಲ್ಲಿ ಕಲ್ಲು ಆರಿಸುವ ನೆವ. ಹಿಂದೆ ಅವಳು, ಪುಸ್ತಕ. ಅಕ್ಷರ ಅಕ್ಷರ ಕೂಡಿಸಿ ಓದು ಎಂದೆ. ಅವಳು ಅತ್ತಳು. ಅಕ್ಷರ ಗೊತ್ತಿಲ್ಲ ಎಂದಲ್ಲ, ಬಿಡಿಬಿಡಿಯಾಗಿ ಅವು ಅವಳಿಗೆ ಗೊತ್ತಿದ್ದವು. ಅಮ್ಮ ಬೆನ್ನು ತಿರುಗಿಸಿದಳು ಎಂದು ಅತ್ತಳು. "ನಾನು ಏನು ತಪ್ಪು ಮಾಡ್ದೆ?" ಎಂದು ಹಿಂದಿನಿಂದ ನನ್ನ ಸೆರಗು ಎಳೆದಳು. ತಿರುಗಿ ಸಮಾಧಾನ ಮಾಡಿದರೆ ಅವಳ ಕಣ್ಣು ನೇರ ನನ್ನ ತುಟಿಗೇ ಬರುತ್ತಿತ್ತು. ಅತ್ತೆ ಬಾಗಿಲಲ್ಲಿ ನಿಂತು, "ಇದೇನು ಸಣ್ಣ ಕೂಸಿನ ಹತ್ರ ಚಂಡೆ ಹಾಕ್ದೋರ್ ಥರ," ಎಂದರು. ಚಂಡೆ ಎಂದರೆ ಇಲ್ಲಿಯವರಿಗೆ ಜಗಳ. ನಾನು ಮೊರದ ಅಕ್ಕಿಯಲ್ಲೇ ಕೈಯಾಡಿಸಿದೆ. ಉತ್ತರ ಕೊಡಲು ಹೋಗಿದ್ದರೆ ನನಗೂ ಅಳು ಬರುತ್ತಿತ್ತು.

ದಿನಕ್ಕೆ ಒಂದೆರಡು ಸಾಲು, ಅಷ್ಟೇ. ಕೆಲವು ದಿನ ಅದೂ ಇಲ್ಲ. ಮೊದಲಿದ್ದ ಸೊಗಸಾದ ಓದು ಹೋಗಿ ಕುಂಟುವ, ಎಡವುವ ಓದು ಬಂತು. ಇರುವುದನ್ನೂ ನಾನೇ ಕೆಡಿಸಿಬಿಟ್ಟೆನೋ ಎಂದು ಹೆದರಿದೆ.

ಪರೀಕ್ಷೆಯ ದಿನ ಮಿಸ್ ನನ್ನನ್ನೂ ಒಳಗೆ ಕರೆದರು. "ಅಮ್ಮ ಎದುರಿಗೇ ಇದ್ದರೆ ಮಗುವಿಗೆ ಧೈರ್ಯ," ಎಂದು ಅವಳ ಮುಂದಿನ ಬೆಂಚು ತೋರಿಸಿದರು. ಅವರ ಒಳ್ಳೆಯ ಮನಸ್ಸಿಗೆ ನಾನು ಏನು ಹೇಳಲಿ? ಕೂತೆ. ಮಿಸ್ ಮಗಳ ಪಕ್ಕದಲ್ಲಿ ನಿಂತು ಪುಸ್ತಕ ಬಿಡಿಸಿದರು. ಕೊಡೆ ಕಳೆದುಕೊಂಡ ಆನೆಯ ಕಥೆಯೇ ಬಂತು. ಕೊನೆಯ ಚುಕ್ಕೆಯವರೆಗೆ ನನಗೆ ಬಾಯಿಪಾಠ.

ಮಗಳು ಪುಟ ನೋಡಿದಳು, ತಲೆಯೆತ್ತಿ ನನ್ನನ್ನು ನೋಡಿದಳು. ನನ್ನ ತುಟಿ ಆಗಲೇ ತೆರೆದುಕೊಂಡಿತ್ತು. ಮಿಸ್ಸಿನ ಕಣ್ಣು ಪುಸ್ತಕದ ಮೇಲಿತ್ತು. ನಾನು ಸುಮ್ಮನೆ ತುಟಿ ಆಡಿಸಿದರೆ ಸಾಕು, ಯಾರಿಗೂ ತಿಳಿಯುವುದಿಲ್ಲ, ಅವಳು ಮೂರನೆಯ ಕ್ಲಾಸಿಗೆ ಹೋಗುತ್ತಾಳೆ, ಆಸ್ಪತ್ರೆಯ ಮಾತೂ ಇರುವುದಿಲ್ಲ. ಅವಳು ಕಾಯುತ್ತಿದ್ದಳು. ಅವಳ ಕಣ್ಣಲ್ಲಿ ಎಷ್ಟು ನಂಬಿಕೆ ಇತ್ತೆಂದರೆ ನನಗೆ ಅದನ್ನು ನೋಡಲಾಗಲಿಲ್ಲ.

ನಾನು ಬೆಂಚಿನಲ್ಲೇ ಹಿಂದಕ್ಕೆ ತಿರುಗಿ, ಅವಳಿಗೆ ಬೆನ್ನು ಮಾಡಿ ಕೂತೆ.

ಕಿಟಕಿಯಾಚೆ ಬೇವಿನ ಮರ, ಅದರ ಕೆಳಗೆ ನೀರಿನ ತೊಟ್ಟಿ. ಹಿಂದಿನಿಂದ ಸದ್ದಿಲ್ಲ. ಮಿಸ್ ಕೆಮ್ಮಿದರು. ಆಗಲೂ ಸದ್ದಿಲ್ಲ. ಎಲ್ಲ ಮುಗಿಯಿತು ಎಂದುಕೊಂಡೆ. ತಿರುಗಿಬಿಡೋಣ ಎಂದು ಎಷ್ಟು ಅನ್ನಿಸಿತೆಂದರೆ ಬೆಂಚಿನ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡೆ.

"ಯಾ," ಎಂದಿತು ಹಿಂದೆ ಒಂದು ಸಣ್ಣ ದನಿ. ಆಮೇಲೆ ತುಂಬ ಹೊತ್ತಿನ ಮೇಲೆ, "ನೈ." ಆಮೇಲೆ ಎರಡೂ ಕೂಡಿಕೊಂಡು, "ಯಾನೈ." ಆನೆ.

ಅಳುತ್ತ ಓದಿದಳು, ಮೂಗು ಸೊರಗುಟ್ಟುವುದು ನನಗೆ ಕೇಳುತ್ತಿತ್ತು. ಒಂದು ಸಾಲಿನಲ್ಲಿ ಸಿಕ್ಕಿಕೊಂಡಳು, ಬಿಟ್ಟಳು, ಮತ್ತೆ ಹಿಡಿದಳು. ಆನೆಗೆ ಕೊಡೆ ಸಿಕ್ಕುವಷ್ಟರಲ್ಲಿ ಪಕ್ಕದ ಕ್ಲಾಸಿನ ಮಕ್ಕಳು ಊಟಕ್ಕೆ ಹೊರಟಿದ್ದರು. "ಮೆಲ್ಲಗೆ ಓದುತ್ತಾಳೆ. ಆದರೆ ಓದುತ್ತಾಳೆ. ಮೂರನೆಯ ಕ್ಲಾಸಿಗೆ ಬರಲಿ," ಎಂದರು ಮಿಸ್. ನಾನು ಅವರಿಗೆ ಕೈಮುಗಿದೆ.

ಬಸ್ಸಿನಲ್ಲಿ ಮಗಳು ನನ್ನ ಹತ್ತಿರ ಮಾತಾಡಲಿಲ್ಲ. ನಾನು ಮುಖ ನೋಡಿದರೆ ಅವಳು ಬೆನ್ನು ತಿರುಗಿಸಿದಳು. ಮನೆಗೆ ಬಂದಾಗ ಮಗ್ಗಗಳು ಓಡುತ್ತಿದ್ದವು. ಶೆಡ್ಡಿನ ಆ ತುದಿಯಿಂದ ಅವಳ ಅಪ್ಪ ನಮ್ಮನ್ನು ಕಂಡು, ಏನಾಯ್ತು ಎಂದು ತುಟಿ ಆಡಿಸಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು ನನ್ನ ಮುಂದೆ ಬಂದು ನಿಂತಳು. ಆ ಸದ್ದಿನಲ್ಲಿ ನನಗೆ ಏನೂ ಕೇಳಿಸಲಿಲ್ಲ. ಪಕ್ಕಕ್ಕೆ ಬಾಗಿ ಅವಳ ತುಟಿ ನೋಡಿದೆ. "ನಾನೇ ಓದ್ದೆ," ಎನ್ನುತ್ತಿದ್ದಳು ಅಪ್ಪನಿಗೆ. "ಅಮ್ಮ ನೋಡ್ಲೇ ಇಲ್ಲ."