ಭೂಕಂಪವಾದಾಗ ನಾನು ಅಣ್ಣನನ್ನು ಬೈದೆ

ಭೂಮಿ ನಡುಗಿದಾಗ ಮನುಷ್ಯ ಏನು ಮಾಡಬೇಕು? ಮಂಚದ ಕೆಳಗೆ ನುಸುಳಬೇಕು, ಇಲ್ಲವೇ ಬಯಲಿಗೆ ಓಡಬೇಕು. ಕಾಲೇಜಿನಲ್ಲಿ ಮಕ್ಕಳಿಗೆ ನಾನೇ ಎಷ್ಟೋ ಸಲ ಹೇಳಿದ್ದೇನೆ. ಆದರೆ ಮೊನ್ನೆ ನಿಜವಾಗಿ ನಡುಗಿದಾಗ ನಾನು ಮಾಡಿದ್ದೇ ಬೇರೆ. ಅಡುಗೆಮನೆಯಿಂದ ಚಪಾತಿ ಲಟ್ಟಣಿಗೆ ತಂದು ಪಡಸಾಲೆಯ ಗೋಡೆಗೆ ಮೂರು ಸಲ ಬಡಿದೆ.

ನಗಬೇಡಿ. ಮೊದಲು ಆ ಗೋಡೆಯ ವಿಷಯ ಹೇಳುತ್ತೇನೆ.

ಬೆಟಗೇರಿಯಲ್ಲಿ ನಮ್ಮದು ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆ. ಆರು ವರ್ಷದ ಹಿಂದೆ ಅಣ್ಣನಿಗೂ ನನಗೂ ಪಾಲಾಯಿತು. ಅಣ್ಣ ಪಡಸಾಲೆಯಲ್ಲಿ ಹಿಟ್ಟಿನ ಗಿರಣಿ ಹಾಕಿದ್ದ. ಹಿಟ್ಟಿನ ಧೂಳು ನನ್ನ ಪುಸ್ತಕದ ಮೇಲೆ ಕೂತಿತು. ನಾನು ಒಂದು ಮಾತು ಅಂದೆ, ಅವನು ಎರಡು ಅಂದ. (ಅವನನ್ನು ಕೇಳಿದರೆ ಲೆಕ್ಕ ತಿರುವುಮುರುವಾಗುತ್ತದೆ.) ಕೊನೆಗೆ ಪಂಚರು ಬಂದು ಪಡಸಾಲೆಯ ನಡುವೆ ದಾರ ಹಿಡಿದರು. ದಾರದ ಗುಂಟ ನಾಲ್ಕೂವರೆ ಇಂಚಿನ ಇಟ್ಟಂಗಿ ಗೋಡೆ ಒಂದೇ ದಿನದಲ್ಲಿ ಎದ್ದಿತು. ಮುಂದಿನ ಕಟ್ಟೆಯನ್ನು ಮಾತ್ರ ಹಾಗೇ ಬಿಟ್ಟರು. ಕೂಡುವ ಕಟ್ಟೆಯ ನಡುವೆ ಗೋಡೆ ಕಟ್ಟುವುದು ಹೇಗೆಂದು ಪಂಚರಿಗೂ ಹೊಳೆಯಲಿಲ್ಲ.

ಅಂದಿನಿಂದ ಅಣ್ಣತಮ್ಮರ ನಡುವೆ ಮಾತಿಲ್ಲ. ಆದರೆ ಸಂಪರ್ಕ ಇದೆ! ಆ ಕಡೆ ಗಿರಣಿ ಶುರುವಾದರೆ ಈ ಕಡೆ ನಮ್ಮ ಸ್ಟ್ಯಾಂಡಿನ ಪಾತ್ರೆಗಳು ಗಲಗಲ ಅನ್ನುತ್ತವೆ. ನಾನು ಗೋಡೆಗೆ ಮೂರು ಸಲ ಬಡಿಯುತ್ತೇನೆ. ಅಂದರೆ ಬಂದ್ ಮಾಡು ಅಂತ. ಅಣ್ಣ ಇನ್ನೂ ಐದು ನಿಮಿಷ ಹೆಚ್ಚಿಗೆ ಓಡಿಸುತ್ತಾನೆ. ಅಂದರೆ ಮಾಡೋದಿಲ್ಲ ಅಂತ. ಆರು ವರ್ಷದಲ್ಲಿ ನಮ್ಮ ನಡುವೆ ನಡೆದ ಸಂಭಾಷಣೆ ಇಷ್ಟೇ.

ಅವತ್ತು ಭಾನುವಾರ, ಬೆಳಗಿನ ಹನ್ನೊಂದರ ಸುಮಾರು. ನಾನು ಪೇಪರ್ ಓದುತ್ತಿದ್ದೆ. ಪಾತ್ರೆಗಳು ಗಲಗಲ ಅಂದವು. ಆಮೇಲೆ ಸ್ಟ್ಯಾಂಡೇ ಅಲುಗಿತು. ಆಮೇಲೆ ನನ್ನ ಕುರ್ಚಿ. ಇವತ್ತು ಜೋಳದ ಬದಲು ಕಲ್ಲು ಬೀಸುತ್ತಿದ್ದಾನೋ ಹೇಗೆ ಅಂತ ಪಿತ್ತ ನೆತ್ತಿಗೇರಿತು. ಲಟ್ಟಣಿಗೆ ತಂದೆ. ಬಡಿದೆ.

ಆ ಕಡೆಯಿಂದ ಅಣ್ಣನ ದನಿ ಕೇಳಿತು. ಎಂದೂ ಇಲ್ಲದಷ್ಟು ಸ್ಪಷ್ಟವಾಗಿ.

"ಲೇ! ಗ್ವಾಡಿ ಕೆಡವಾಕ ನಿಂತೀಯೇನಲೇ? ನಮ್ಮ ಮನಿ ಯಾಕ ಅಳ್ಳಾಡಸಾಕತ್ತಿ?"

"ನೀ ಮೊದಲ ಗಿರಣಿ ಬಂದ್ ಮಾಡು!"

"ಕರೆಂಟ್ ಎಲ್ಲೈತಿ? ಮುಂಜಾನಿಂದ ಇಲ್ಲ!"

ನಾನು ತಲೆ ಎತ್ತಿ ನೋಡಿದೆ. ಫ್ಯಾನು ತಿರುಗುತ್ತಿರಲಿಲ್ಲ, ತೂಗಾಡುತ್ತಿತ್ತು. ಗೋಡೆಯನ್ನು ನೋಡಿದೆ. ಮೇಲಿಂದ ಕೆಳಗಿನತನಕ ಒಂದು ಬಿರುಕು. ಅಣ್ಣನ ದನಿ ಅಷ್ಟು ಸ್ಪಷ್ಟವಾಗಿ ಬಂದದ್ದು ಅದರೊಳಗಿಂದ.

ಅಷ್ಟರಲ್ಲಿ ನನ್ನ ಹೆಂಡತಿ ಶೋಭಾ ಮಗಳ ರಟ್ಟೆ ಹಿಡಿದುಕೊಂಡು ಹಿತ್ತಲಿನಿಂದ ಓಡಿ ಬಂದಳು. "ಭೂಮಿ ನಡಗಾಕತ್ತೈತಿ, ನೀವಿಲ್ಲಿ ಜಗಳಾ ಆಡಕೋಂತ ನಿಂತೀರಲ್ಲ! ಹೊರಗ ನಡೀರಿ ಜಲ್ದಿ!"

ಹೊರಗೆ ಇಡೀ ಓಣಿಯೇ ನಿಂತಿತ್ತು. ಗುಡ್ಡದ ಕಡೆ ಕಲ್ಲಿನ ಕ್ವಾರಿಯಲ್ಲಿ ಮದ್ದು ಹಾರಿಸಿರಬೇಕು ಅಂತ ಎಲ್ಲರೂ ತೀರ್ಮಾನ ಮಾಡಿ ಆಗಿತ್ತು. ಎದುರು ಮನೆಯ ನಿಂಗಪ್ಪಜ್ಜ ಒಬ್ಬರೇ ಒಪ್ಪಲಿಲ್ಲ. ಅವರು ಕುಣಿ ಮಗ್ಗದಲ್ಲಿ ಸೀರೆ ನೇಯುವವರು. ದಿನವಿಡೀ ಕಾಲು ನೆಲದೊಳಗಿನ ಕುಣಿಯಲ್ಲೇ ಇರುತ್ತವೆ.

"ಮದ್ದು ಹಾರಿದ್ರ ಒಮ್ಮೆ ಧಡ್ ಅಂತೈತ್ರಿ. ಇದು ಹಂಗಲ್ಲ. ಕಾಲಾಗಿಂದ ಹರದು ಹೋತು," ಅಂದರು ಅಜ್ಜ.

ಯಾರೂ ನಂಬಲಿಲ್ಲ. ಕರೆಂಟ್ ಬಂದು ಟೀವಿಯವರು ಹೇಳಿದ ಮೇಲೆ, ತಮಗೆ ಮೊದಲೇ ಗೊತ್ತಿತ್ತು ಅಂತ ಎಲ್ಲರೂ ಅಂದರು.

ನಾವು ಎರಡೂ ಮನೆಯವರು ಕಟ್ಟೆಯ ಮೇಲೆ ಕೂತಿದ್ದೆವು. ಆ ತುದಿಗೆ ಅಣ್ಣ, ಈ ತುದಿಗೆ ನಾನು. ಆಮೇಲೆ ವೈನಿ, ಅಂದರೆ ಅಣ್ಣನ ಹೆಂಡತಿ, ಗಾಳಿಗೆ ಕೇಳುವಂತೆ "ಎಲ್ಲಾರಿಗೂ ಚಾ ಮಾಡ್ಲೇನ್ರಿ?" ಅಂದರು. ಗಾಳಿ ಉತ್ತರಿಸಲಿಲ್ಲ. ಅಣ್ಣ ನನ್ನ ಕೈಯನ್ನೇ ನೋಡುತ್ತಿದ್ದ. ಲಟ್ಟಣಿಗೆ ಇನ್ನೂ ನನ್ನ ಕೈಯಲ್ಲೇ ಇತ್ತು.

"ಅದನ್ನ ಯಾಕ ತಂದಿಲೇ? ಭೂಕಂಪಕ್ಕ ಬಡಿಯಾಕೇನು?"

ವೈನಿ ಕಿಸಕ್ಕನೆ ನಕ್ಕರು. ಶೋಭಾ ನಕ್ಕಳು. ನಾನು ತಡೆದುಕೊಳ್ಳಲು ನೋಡಿದೆ, ಆಗಲಿಲ್ಲ.

ಮುಂದೆ ಎಂಟು ದಿನ ಮರುಕಂಪನಗಳು. ಸಣ್ಣವು, ಆದರೆ ಹೇಳದೆ ಕೇಳದೆ ಬರುವಂಥವು. ಇದರಲ್ಲೂ ಊರೂರಿಗೆ ಪೈಪೋಟಿ! ಶಿರಹಟ್ಟಿಯಿಂದ ನಮ್ಮ ಮಾವನವರು ಫೋನ್ ಮಾಡಿ, "ನಿಮ್ಮ ಕಡೆ ಬರೇ ಪಾತ್ರಿ ಅಳ್ಳಾಡಿದುವಂತ? ನಮ್ಮ ಕಡೆ ಕಪಾಟ ಅಳ್ಳಾಡೈತ್ರಿ" ಅಂದರು. ದನಿಯಲ್ಲಿ ಹೆಮ್ಮೆ ಇತ್ತು. ವಾಟ್ಸಪ್ಪಿನಲ್ಲಿ ಮುಂದಿನ ಭೂಕಂಪದ ಟೈಮ್ ಟೇಬಲ್ಲೇ ಬರತೊಡಗಿತು. ನಮ್ಮ ವೈನಿ ಯಾರನ್ನೂ ನಂಬಲಿಲ್ಲ. ಸ್ಟೀಲ್ ಲೋಟಗಳನ್ನು ಒಂದರ ಮೇಲೊಂದು ಬೋರಲು ಹಾಕಿ ಯಂತ್ರ ಮಾಡಿಕೊಂಡರು. ಲೋಟ ಸದ್ದು ಮಾಡಿದರೆ ಎರಡೂ ಮನೆ ಕಟ್ಟೆಗೆ ಓಡಬೇಕು.

ಓಡಿದೆವು. ಕೂತೆವು. ಕೂತ ಮೇಲೆ ಬಾಯಿ ಸುಮ್ಮನಿರುತ್ತದೆಯೇ? ವೈನಿ ಮಂಡಕ್ಕಿಯ ಗಿರ್ಮಿಟ್ ಕಲಸಿದರು, ಶೋಭಾ ಮಿರ್ಚಿ ಕರಿದಳು. ಎರಡು ದಿನ ಕಳೆಯುವಷ್ಟರಲ್ಲಿ ಲಾರಿ ಹೋದರೂ ಓಡತೊಡಗಿದೆವು. ಖರೆ ಹೇಳಬೇಕೆಂದರೆ, ಆ ವಾರದ ಕೆಲವು ಕಂಪನಗಳು ನಮ್ಮ ಮನೆಯಲ್ಲಿ ಮಾತ್ರ ಆದವು. ಒಂದಂತೂ ನಾನೇ ಮಾಡಿದ್ದು. ಆ ಕಡೆಯಿಂದ ಒಗ್ಗರಣೆಯ ವಾಸನೆ ಬಂತು, ನಾನು "ಅಳ್ಳಾಡ್ತು!" ಅಂತ ಕೂಗಿದೆ. ಲೋಟಗಳು ಸುಮ್ಮನಿದ್ದವು. ಆದರೂ ಎಲ್ಲರಿಗಿಂತ ಮೊದಲು ಕಟ್ಟೆಗೆ ಬಂದು ಕೂತವನು ಅಣ್ಣ.

ಹಾಗೆ ಕೂತಾಗ ಅವನು ಒಂದು ಕಾಲನ್ನು ಮಡಚದೆ ನೀಡಿಕೊಂಡೇ ಇರುತ್ತಿದ್ದ. ಯಾಕೆ ಅಂತ ಕೇಳಿದೆ.

"ಮೊಣಕಾಲು ಆಪರೇಶನ್ ಆತಲ್ಲೋ, ಎಂಟು ತಿಂಗಳಾತು," ಅಂದ ಸಹಜವಾಗಿ.

ನನಗೆ ಗೊತ್ತೇ ಇರಲಿಲ್ಲ. ನಾನು ಕಲಿಸುವ ಲಕ್ಷ್ಮೇಶ್ವರದ ಕಾಲೇಜಿನಲ್ಲಿ ಯಾರ ಮನೆಯಲ್ಲಿ ಯಾರಿಗೆ ಶುಗರ್ ಇದೆ ಎಂಬುದೆಲ್ಲ ನನಗೆ ಗೊತ್ತು. ನಾಲ್ಕೂವರೆ ಇಂಚಿನ ಆಚೆ ಮಲಗಿದ್ದ ಅಣ್ಣನ ಖಬರು ಗೊತ್ತಿಲ್ಲ. ಆಗ ನೆನಪಾಯಿತು, ಎಂಟು ತಿಂಗಳ ಹಿಂದೆ ಗಿರಣಿ ಬಹಳ ದಿನ ನಿಂತಿತ್ತು. ಎಷ್ಟು ಹಾಯಾಗಿದೆ ಅಂತ ನಾನು ಶೋಭಾಳ ಮುಂದೆ ಖುಷಿಪಟ್ಟಿದ್ದೆ. ನಾಚಿಕೆಯಾಯಿತು. ನನ್ನ ತಟ್ಟೆಯ ಮಿರ್ಚಿಯನ್ನು ಅವನ ತಟ್ಟೆಗೆ ಹಾಕಿದೆ.

ಮುಂಡರಗಿಯ ನಮ್ಮ ಅಕ್ಕನಿಗೆ ಗಾಬರಿಯಾಗಿ ಮಗ ವಿನಾಯಕನನ್ನು ಕಳಿಸಿದಳು. ಅವನು ಸಿವಿಲ್ ಎಂಜಿನಿಯರ್. ಕಂಬ ತಟ್ಟಿದ, ತೊಲೆ ನೋಡಿದ, ಮಾಳಿಗೆ ಹತ್ತಿ ಇಳಿದ. ಕೊನೆಗೆ ನಡುವಿನ ಗೋಡೆಗೆ ಕೈಯಿಟ್ಟು ಮೆಲ್ಲಗೆ ನೂಕಿದ. ಗೋಡೆ ನೂಕಿಸಿಕೊಂಡಿತು!

"ಮಾಮಾ, ಹಳೇ ಮನಿಗೆ ಏನೂ ಆಗಿಲ್ಲ. ಕಟಗಿ ಕಂಬ ಅದಾವು, ಅಳ್ಳಾಡಿ ಮತ್ತ ತಮ್ಮ ಜಾಗಾಕ್ಕ ಕುಂತಾವು. ಇದೊಂದು ಗ್ವಾಡಿ ಮಾತ್ರ ಖರಾಬ್ ಐತಿ. ಪಾಯಾ ಇಲ್ಲ, ನೆಲದ ಪರಸಿ ಕಲ್ಲಿನ ಮ್ಯಾಲ ಸುಮ್ನ ನಿಂದ್ರಿಸ್ಯಾರ. ಇನ್ನೊಂದು ಜೋರ ಬಂದ್ರ ಬೀಳತೈತಿ."

"ಯಾವ ಕಡೆ?" ಅಣ್ಣನೂ ನಾನೂ ಒಟ್ಟಿಗೇ ಕೇಳಿದೆವು.

"ಅದು ಹೇಳಾಕ ಆಗೂದಿಲ್ಲ. ಈ ಕಡೆ ಬಿದ್ರ ತಂಗಿ ಓದೋ ಟೇಬಲ್ ಐತಿ, ಆ ಕಡೆ ಬಿದ್ರ ಅತ್ತಿ ಗಿರಣಿ ಮುಂದ ಕುಂಡ್ರತಾಳ. ತಗದು ಬಿಡ್ರಿ."

ತೆಗೆದುಬಿಟ್ಟೆವು. ಮರುದಿನವೇ. ಮೇಲಿನ ಇಟ್ಟಂಗಿ ನಾನು ಬಿಡಿಸಿದೆ, ಕೆಳಗಿನವನ್ನು ಅಣ್ಣ ಕುರ್ಚಿ ಹಾಕಿಕೊಂಡು ಕೂತು ಬಿಡಿಸಿಕೊಟ್ಟ, ನಾನು ಹೊತ್ತು ಹಾಕಿದೆ. ಕಟ್ಟಲು ಒಂದು ದಿನ ಹಿಡಿದ ಗೋಡೆ, ತೆಗೆಯಲು ಅರ್ಧ ದಿನವೂ ಬೇಕಾಗಲಿಲ್ಲ. ಧೂಳು ಇಳಿದ ಮೇಲೆ ನೋಡುತ್ತೇನೆ, ಪಡಸಾಲೆ ಇಷ್ಟು ದೊಡ್ಡದಿತ್ತೇ? ಆ ಕಡೆಯ ಕಿಟಕಿಯ ಬಿಸಿಲು ನಮ್ಮ ಕಡೆಯ ಬಾಗಿಲತನಕ ಬಂದಿತ್ತು. ಮಧ್ಯಾಹ್ನ ಎಲ್ಲರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂತೆವು. ವೈನಿಯ ರೊಟ್ಟಿ, ಶೋಭಾಳ ಎಣ್ಣೆಗಾಯಿ. ಅವ್ವ ಕಂಬಕ್ಕೆ ಒರಗಿ ಕೂಡುತ್ತಿದ್ದ ಜಾಗದಲ್ಲಿ ಅಣ್ಣ ಒರಗಿ ಕೂತಿದ್ದ. ಹೀಗೇ ಇರಲಿ ದೇವರೇ ಅಂತ ನನ್ನ ಮನಸ್ಸು ಕೂಗುತ್ತಿತ್ತು. ಬಾಯಿಂದ ಬಂದದ್ದು, "ಇನ್ನೊಂದು ರೊಟ್ಟಿ ಹಾಕ್ರಿ ವೈನಿ" ಅಂತ ಮಾತ್ರ.

ಆಮೇಲೆ ಅನಾಹುತವಾಯಿತು. ಭೂಮಿ ನಡುಗುವುದು ನಿಂತಿತು.

ಒಂದು ದಿನ ಲೋಟ ಅಲುಗಲಿಲ್ಲ. ಎರಡು ದಿನ ಅಲುಗಲಿಲ್ಲ. ಐದನೆಯ ದಿನ ವೈನಿ ಲೋಟಗಳನ್ನು ತೊಳೆದು ಒಳಗಿಟ್ಟರು. ಕಟ್ಟೆಗೆ ಓಡಲು ಕಾರಣವೇ ಉಳಿಯಲಿಲ್ಲ. ಹಿಟ್ಟಿನ ಧೂಳು ಮತ್ತೆ ನನ್ನ ಪುಸ್ತಕದ ಮೇಲೆ ಕೂತಿತು. ನಾನು ಏನೂ ಅನ್ನಲಿಲ್ಲ, ಬಟ್ಟೆಯಿಂದ ಒರೆಸಿದೆ. ಅಣ್ಣ ಅದನ್ನು ನೋಡಿದ. ನಮ್ಮ ಟೀವಿಯ ಸದ್ದಿಗೆ ಅವನ ಮಧ್ಯಾಹ್ನದ ನಿದ್ದೆ ಕೆಟ್ಟಿತು. ಅವನೂ ಏನೂ ಅನ್ನಲಿಲ್ಲ, ಮಗ್ಗುಲು ಬದಲಿಸಿದ. ನಾನು ಅದನ್ನು ನೋಡಿದೆ. ಜಗಳ ಆಡಿದ್ದರೆ ಚೆನ್ನಾಗಿತ್ತು. ಇಬ್ಬರೂ ವಿಪರೀತ ಸಭ್ಯರಾಗಿಬಿಟ್ಟಿದ್ದೆವು.

ಒಂದು ಸಂಜೆ ಅಣ್ಣ ಕಟ್ಟೆಗೆ ಕರೆದ. "ತಮ್ಮಾ, ಗ್ವಾಡಿ ವಿಷಯ..."

ಇನ್ನು ಗೋಡೆಯೇ ಬೇಡ ಅನ್ನುತ್ತಾನೆ ಅಂದುಕೊಂಡೆ.

"...ಈ ಸಲ ಪಾಯಾ ತಗದು, ಕಾಲಂ ಹಾಕಿ ಕಟ್ಟೂಣು. ನಿನ್ನ ಮಗಳು ಓದೋ ಜಾಗಾ ಅದು."

ಅಷ್ಟು ಕಾಳಜಿಯಿಂದ ಹೇಳಿದರೆ ಏನನ್ನಬೇಕು? "ಹೂಂ ಅಣ್ಣಾ, ಮ್ಯಾಲ ಬೀಮ್ ಹಾಕಸೂಣು. ವೈನಿ ಅಲ್ಲೇ ಕುಂಡ್ರತಾರಲ್ಲ," ಅಂದೆ. ಆರು ವರ್ಷದಲ್ಲಿ ನಾವಿಬ್ಬರೂ ಬಾಯಿಬಿಟ್ಟು ಒಪ್ಪಿದ ಮೊದಲ ಮಾತು ಇದು.

ಗೌಂಡಿ ಮಾಬುಸಾಬರು ಬಂದರು. ಹಿಂದಿನ ಗೋಡೆ ಕಟ್ಟಿದವರೂ ಅವರೇ. ಎರಡು ಸಾಲು ಏರಿಸಿದ ಮೇಲೆ ಕರಣಿ ಹಿಡಿದುಕೊಂಡು ನನ್ನ ಹತ್ತಿರ ಬಂದರು.

"ಸರ್ರ, ನಡುವ ಒಂದು ಬಾಗಲಾ ಬಿಡ್ಲೇನ್ರಿ? ಬ್ಯಾಡಾದಾಗ ಕೀಲಿ ಹಾಕ್ಕೋಬಹುದು."

ನನಗೆ ಅವರ ಕೈ ಹಿಡಿದುಕೊಳ್ಳುವಷ್ಟು ಸಂತೋಷವಾಯಿತು. ಆದರೆ ಅಣ್ಣ ಹಿರಿಯ. ಅವನಿರುವಾಗ ನಾನು ಬಾಗಿಲು ಇಡು ಅನ್ನುವುದೇ? "ಅಣ್ಣನ್ನ ಕೇಳ್ರಿ. ಅವರು ಹೆಂಗ ಹೇಳ್ತಾರ ಹಂಗ," ಅಂದೆ.

ಅವರು ಆ ಕಡೆ ಹೋದರು. ಗೋಡೆ ಇನ್ನೂ ಗೇಣೆತ್ತರವೇ ಇದ್ದದ್ದರಿಂದ ಎಲ್ಲವೂ ಕೇಳುತ್ತಿತ್ತು. "ನಮ್ಮ ತಮ್ಮನ್ನ ಕೇಳ್ರಿ," ಅಂದ ಅಣ್ಣ. "ನಾ ಹಿರ್ಯಾ ಅಂತ ಬಾಗಲಾ ಇಡಿಸಿದ್ರ ಅವಂಗ ಬ್ಯಾಡ ಅನ್ನಾಕ ಸಂಕೋಚ ಆಗ್ತೈತಿ."

ಮಾಬುಸಾಬರು ಹೀಗೆ ಮೂರು ಸಲ ಗೋಡೆ ದಾಟಿದರು. ಕೊನೆಗೆ ನಡುವೆ ನಿಂತು, "ಸಿಮೆಂಟ್ ಕಲಸಿ ಇಟ್ಟೇನ್ರಿ, ಗಟ್ಟಿ ಆಗಾಕತ್ತೈತಿ. ಹಂಗಾರ ಕಟ್ಟಿಬಿಡ್ತೀನ್ರಿ," ಅಂದರು.

"ಬಾಗಲಾ ಬಿಡ್ರಿ" ಅನ್ನಲು ಎಷ್ಟು ಹೊತ್ತು ಬೇಕು? ನಾನು ಅಣ್ಣನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. "ಆತು," ಅಂದೆ. "ಆತು," ಅಂದ.

ಈಗ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಆ ಗೋಡೆ. ಒಂಬತ್ತು ಇಂಚು. ಪಾಯ, ಕಾಲಂ, ಬೀಮ್, ಎರಡೂ ಕಡೆ ಗಿಲಾವ್. ವಿನಾಯಕ ಬಂದು ನೋಡಿ, ಮನೆ ಬಿದ್ದರೂ ಇದು ಬೀಳುವುದಿಲ್ಲ ಅಂತ ಸರ್ಟಿಫಿಕೇಟ್ ಕೊಟ್ಟುಹೋದ. ಪಾತ್ರೆಗಳು ಗಲಗಲ ಅನ್ನುವುದಿಲ್ಲ. ನಿನ್ನೆ ಶೋಭಾ ಇಲ್ಲದ ಹೊತ್ತು ನೋಡಿ ಲಟ್ಟಣಿಗೆ ತಂದು ಮೂರು ಸಲ ಬಡಿದೆ. ಕಿವಿಗೊಟ್ಟು ಕಾದೆ. ಆ ಕಡೆಯಿಂದ ಏನೂ ಕೇಳಲಿಲ್ಲ. ಗಿರಣಿ ಓಡುತ್ತಿತ್ತೋ, ಅಣ್ಣನ ಮೊಣಕಾಲು ನೋಯುತ್ತಿತ್ತೋ, ಒಂದೂ ತಿಳಿಯಲಿಲ್ಲ.

ಇನ್ನೊಮ್ಮೆ ಭೂಮಿ ನಡುಗಿದರೆ ನಾನು ಯಾರನ್ನು ಬೈಯಲಿ?