‘ಬಾ’ ಅಂದರೆ ಬರುತ್ತಿದ್ದ ನಾಯಿ

ನಮ್ಮ ನಾಯಿಗೆ ನಾವು ಹೆಸರಿಟ್ಟಿರಲಿಲ್ಲ. ನಾಯಿಗೆ ಬೇಕಾದದ್ದು ಅನ್ನ, ನೀರು, ಹೊತ್ತಿಗೆ ಸರಿಯಾಗಿ ಹೊರಗೆ ಹೋಗಿಬರುವುದು, ಹೆಸರು ಯಾಕೆ ಎಂದು ಅಪ್ಪ ಕೇಳಿದ್ದರು. ಹಾಗಾಗಿ “ಬಾ” ಎಂದು ಕರೆದೆವು, ಅದು ಬಂತು. ಕಡೆಗೆ ಅದೇ ಹೆಸರಾಗಿ ಉಳಿಯಿತು.

ಐವತ್ತರ ದಶಕದ ನಡುವಿನ ಮಾತು. ಧಾರವಾಡದಿಂದ ಬಂದ ನಾವು ಸಯನ್ನಿನ ಒಂದು ಚಾಳಿನ ಮೇಲ್ಮಹಡಿಯಲ್ಲಿ ಎರಡು ಕೋಣೆಗಳಲ್ಲಿದ್ದೆವು: ಅಪ್ಪ, ಅವ್ವ, ಹನ್ನೊಂದು ವರ್ಷದ ನಾನು. ಅಪ್ಪ ಫೋರ್ಟಿನ ಒಂದು ಕಚೇರಿಯಲ್ಲಿ ಗುಮಾಸ್ತರು. ಪಕ್ಕದ ಮನೆಯವರು ಗುಜರಾತಿಗಳು. ಅವರಲ್ಲಿ “ಬಾ” ಎಂದರೆ ತಾಯಿ. ಆ ಮನೆಯ ಸೊಸೆ ಅತ್ತೆಯನ್ನು ಹಾಗೆ ಕರೆದಾಗಲೆಲ್ಲ ನಮ್ಮ ನಾಯಿ ಬಾಲ ಆಡಿಸುತ್ತ ಓಡುತ್ತಿತ್ತು. ತನ್ನ ಸೊಸೆಗೆ ಇಬ್ಬರು ಅತ್ತೆಯರು, ಒಬ್ಬಳಿಗೆ ಬಾಲ ಇದೆ ಎಂದು ಆ ಮುದುಕಿ ತನ್ನ ಹಿಂದಿಯಲ್ಲಿ ಚಾಳಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಅಪ್ಪ ಬರೆದ ವೇಳಾಪತ್ರಿಕೆ ಗೋಡೆಯ ಮೇಲಿತ್ತು. ಶನಿವಾರ ಬೆಳಿಗ್ಗೆ ಆರಕ್ಕೆ ನಾಯಿಯ ಸ್ನಾನ. ಚರ್ಮದ ಕೊರಳಪಟ್ಟಿ ನೆನೆದು ಹಾಳಾಗಬಾರದೆಂದು, ಲೈಸನ್ಸಿನ ಹಿತ್ತಾಳೆ ಬಿಲ್ಲೆಯ ಸಮೇತ ಅದನ್ನು ಬಿಚ್ಚಿಡಬೇಕು. ಮೈ ಒಣಗುವ ತನಕ ನಾನು ನಾಯಿಯನ್ನು ಹಿಡಿದುಕೊಂಡು ಗ್ಯಾಲರಿಯಲ್ಲಿ ಕೂರಬೇಕು. ಏಳಕ್ಕೆ ಶುದ್ಧಬರಹ. ಒಂದು ಶನಿವಾರ ನಳದಲ್ಲಿ ನೀರು ತಡವಾಗಿ ಬಂತು. ಏಳು ಹೊಡೆದಾಗ ನಾಯಿ ಇನ್ನೂ ಒದ್ದೆಯಿತ್ತು. ನಾನು ಗಡಿಯಾರ ನೋಡಿದೆ, ನಾಯಿಯನ್ನು ಬಿಟ್ಟು ಬರೆಯಲು ಒಳಗೆ ಹೋದೆ.

ಸೊಸೆ ಆಗ ಕೆಳಗೆ ಬೀದಿಯಲ್ಲಿ ತರಕಾರಿ ಕೊಳ್ಳುತ್ತಿದ್ದಳು. ಬದನೆಕಾಯಿ ಎಷ್ಟು ಬೇಕೆಂದು ಕೇಳಲು ಮೇಲಕ್ಕೆ ಮುಖ ಮಾಡಿ ಅತ್ತೆಯನ್ನು ಕೂಗಿದಳು. ನಾಯಿ ಮೆಟ್ಟಿಲಿಳಿದು ಓಡಿತು. ಬೀದಿಯ ತುದಿಯಲ್ಲಿ ನಾಯಿ ಹಿಡಿಯುವ ಗಾಡಿ ನಿಂತಿತ್ತು. ಕೊರಳಲ್ಲಿ ಬಿಲ್ಲೆ ಇಲ್ಲದ್ದು ಬೀದಿನಾಯಿ ಎಂಬುದು ಅವರ ಲೆಕ್ಕ. ಇದು ಸಾಕಿದ್ದು ಎಂದು ಸೊಸೆ ಬಡಕೊಂಡು ಓಡುವಷ್ಟರಲ್ಲಿ ಗಾಡಿ ಅದನ್ನು ಹಾಕಿಕೊಂಡು ಹೋಗಿಬಿಟ್ಟಿತ್ತು.

ಶನಿವಾರ ಅಪ್ಪನಿಗೆ ಅರ್ಧ ದಿನ. ಬೆಳಿಗ್ಗೆ ಸುದ್ದಿ ಕೇಳಿಯೇ ಕಚೇರಿಗೆ ಹೋದವರು, ಅದನ್ನು ಮುಗಿಸಿ ನೇರ ನಾಯಿಗಳನ್ನು ಕೂಡಿಹಾಕುವ ದೊಡ್ಡಿಗೆ ಹೋದರು. ಅಲ್ಲಿಯ ಕಾರಕೂನ ಹೊರಟುಹೋಗಿದ್ದ. ಕಂಬಿಯಾಚೆ ನಮ್ಮ ನಾಯಿ ಕಂಡಿತಂತೆ, ಚೆನ್ನಾಗಿಯೇ ಇತ್ತಂತೆ. ಸೋಮವಾರ ಹತ್ತಕ್ಕೆ ಬಂದು ಬಿಲ್ಲೆ ತೋರಿಸಿ ಬಿಡಿಸಿಕೊಳ್ಳಿ, ಹನ್ನೊಂದರ ಮೇಲೆ ಇಂಥವನ್ನು ಜೀವಂತ ಉಳಿಸುವುದಿಲ್ಲ ಎಂದು ಕಾವಲುಗಾರ ಹೇಳಿ ಕಳಿಸಿದ.

ಭಾನುವಾರವೆಲ್ಲ ನಾವು ಎಂದಿನ ಹಾಗೆ ಕೆಲಸ ಮಾಡಿದೆವು. ಸೋಮವಾರ ಅಪ್ಪ ಬಿಲ್ಲೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ದಿನದ ಲೋಕಲ್ ರೈಲಿಗೇ ಹೊರಟರು. ಮೊದಲು ಕಚೇರಿಗೆ ಹೋಗಿ ಹಾಜರಿಯ ಮಸ್ಟರಿನಲ್ಲಿ ಸಹಿ ಮಾಡಿ, ಸಾಹೇಬರ ಅಪ್ಪಣೆ ಪಡೆದು, ಆಮೇಲೆ ದೊಡ್ಡಿಗೆ ಹೋಗುವುದೆಂದು ಗೊತ್ತು ಮಾಡಿಕೊಂಡಿದ್ದರು. ಸಹಿ ತಪ್ಪಿದರೆ ಹೆಸರಿನ ಮುಂದೆ ಕೆಂಪು ಗುರುತು ಬೀಳುತ್ತಿತ್ತು. ಅಪ್ಪನ ಹೆಸರಿನ ಮುಂದೆ ಅದು ಎಂದೂ ಬಿದ್ದಿರಲಿಲ್ಲ. ಅವತ್ತು ಸಾಹೇಬರು ತಡವಾಗಿ ಬಂದರು. ಅಪ್ಪ ಅವರ ಬಾಗಿಲಲ್ಲಿ ನಿಂತೇ ಕಾದರು. ದೊಡ್ಡಿ ಮುಟ್ಟಿದಾಗ ಹನ್ನೊಂದೂ ಇಪ್ಪತ್ತು.

ಅಲ್ಲಿ ನಾಯಿಗಳನ್ನು ಹೊರಗೆಳೆಯುವ ಕೆಲಸದವನು ವಿಜಾಪುರದ ಕಡೆಯ ವಯಸ್ಸಾದ ಮನುಷ್ಯ. ಅಪ್ಪನ ಮರಾಠಿ ಕೇಳಿಯೇ ಕನ್ನಡದವರೆಂದು ಗುರುತು ಹಿಡಿದ. ಅವನು ಸಮಾಧಾನಕ್ಕೆಂದು ಹೇಳಿದ ಮಾತನ್ನು ಅಪ್ಪ ಸಂಜೆ ಊಟಕ್ಕೆ ಕೂತಾಗ ನಮಗೆ ಹಾಗೆಯೇ ಒಪ್ಪಿಸಿದರು:

“ಎಳದಾಡಲಿಲ್ರೀ ಸಾಹೇಬ್ರ. ಬ್ಯಾರೇವಕ್ಕ ಹಗ್ಗಾ ಹಾಕಬೇಕಾಗತೈತಿ. ಇದಕ್ಕ ಬಾ ಅಂದ್ನಿ, ತಾನಾಗೇ ಬಂತ್ರೀ.”

ಅಪ್ಪ ಅಷ್ಟು ಹೇಳಿ ಅನ್ನ ಕಲಸಿದರು. ಅವ್ವ ಉಣ್ಣಲಿಲ್ಲ. ನಾನು ಉಂಡೆ, ಯಾಕೆಂದರೆ ತಾಟಿನಲ್ಲಿ ಬಿಡುವ ರೂಢಿ ನಮ್ಮಲ್ಲಿರಲಿಲ್ಲ.

ಅಂದಿನಿಂದ ಆ ಒಂದು ಅಕ್ಷರ ನಮ್ಮ ಮನೆಯಿಂದ ಹೋಯಿತು. ಯಾರೂ ಮಾತಾಡಿಕೊಂಡು ಮಾಡಿದ್ದಲ್ಲ. ಅವ್ವ ನನ್ನನ್ನು ಊಟಕ್ಕೆ “ಏಳು” ಎಂದು ಎಬ್ಬಿಸುತ್ತಿದ್ದಳು, ತಲೆ ಬಾಚಲು “ಇಲ್ಲೆ ಕೂಡು” ಎನ್ನುತ್ತಿದ್ದಳು. ಅಪ್ಪ ಬಾಗಿಲಿಗೆ ಬಂದವರಿಗೆ ಸುಮ್ಮನೆ ಕೈ ತೋರಿಸುತ್ತಿದ್ದರು. ಬೇರೆ ನಾಯಿ ತರುವ ಮಾತನ್ನು ಚಾಳಿನವರು ಎತ್ತಿದರು, ನಾವು ಎತ್ತಲಿಲ್ಲ. ನಾನು ಶಾಲೆಗೆ ಹೋದೆ, ಪಾಠ ಒಪ್ಪಿಸಿದೆ, ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತೆ. ಅಳುವುದಕ್ಕೆ ವೇಳಾಪತ್ರಿಕೆಯಲ್ಲಿ ಬೇರೆ ಹೊತ್ತಿರಲಿಲ್ಲ.

ಮೂರು ನಾಲ್ಕು ತಿಂಗಳಾದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ಮೂವರೂ ಊಟ ಮುಗಿಸಿದ್ದೆವು. ಅವ್ವ, ಯಾವ ಮಾತಿನ ಮುಂದುವರಿಕೆಯೂ ಇಲ್ಲದೆ, ನೆಲ ನೋಡುತ್ತ ಅಂದಳು:

“ಮೊದಲ ಅಲ್ಲೇ ಹೋಗಬೇಕಾಗಿತ್ತರೀ. ಒಂದು ದಿನ ಸಹಿ ತಪ್ಪಿದ್ದರ ಏನಾಗತಿತ್ತು?”

ಅಪ್ಪನ ಮುಖ ನೋಡಲಾಗದೆ ನಾನು ಬಾಯಿಬಿಟ್ಟೆ. ಆ ತನಕ ಯಾರೂ ನನ್ನನ್ನು ಕೇಳಿರಲಿಲ್ಲ, ಬೈದಿರಲಿಲ್ಲ.

“ತಪ್ಪು ನಂದು. ಮೈ ಒಣಗೋತನಾ ಹಿಡಕೊಂಡು ಕೂಡಬೇಕಾಗಿತ್ತು. ಬಿಟ್ಟು ಬರೀಲಿಕ್ಕೆ ಹೋದೆ.”

ಅಪ್ಪ ನನ್ನ ಕಡೆ ತಿರುಗಿದರು.

“ಏಳು ಹೊಡದಿತ್ತು,” ಅಂದರು. “ನೀ ಬರೀಲಿಕ್ಕೆ ಹೋಗಲೇಬೇಕಾಗಿತ್ತು.”

ಅವ್ವ ಇಬ್ಬರನ್ನೂ ಒಮ್ಮೆ ನೋಡಿದಳು. ಆಮೇಲೆ ಎದ್ದು ತಾಟುಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಒಳಗೆ ಹೋದಳು.